ಕಲಾ ಗ್ರಂಥಪಾಲಕರಿಗೆ ಪಿಎಚ್.ಡಿ. ಬೇಕೇ? ಎದುರಿಗಿರುವ ದಾರಿಗಳನ್ನು ತೂಗಿ ನೋಡೋಣ

ಎಂ.ಲಿಬ್ (ಲೈಬ್ರರಿ ಸೈನ್ಸ್‌ನ ಸ್ನಾತಕೋತ್ತರ ಪದವಿ) ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ, ಕಲೆಯ ಕಡೆ ಒಲವಿರುವ ಲೈಬ್ರರಿಯನ್‌ಗಳನ್ನು ಒಂದು ಪ್ರಶ್ನೆ ಬಿಡದೆ ಕಾಡುತ್ತದೆ. ಪಿಎಚ್.ಡಿ. ಮಾಡಬೇಕೇ? ಮಾಡುವುದಾದರೆ ಲೈಬ್ರರಿ ಸೈನ್ಸ್‌ನಲ್ಲೋ, ಕಲಾ ಇತಿಹಾಸದಲ್ಲೋ? ಅಷ್ಟು ವರ್ಷ ಹಾಕುವ ಬದಲು ಇನ್ನೊಂದು ಸ್ನಾತಕೋತ್ತರ ಪದವಿ ಸಾಕಾಗದೇ? ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಇರುವವರಿಗೆ ಈ ಲೆಕ್ಕಾಚಾರ ಸ್ವಲ್ಪ ಬೇರೆ. ಊರಿನಲ್ಲಿ ಕಲೆಗೆಂದೇ ಇರುವ ಲೈಬ್ರರಿ ಹುದ್ದೆ ಬಹಳ ಕಡಿಮೆ. ಬೆಂಗಳೂರು ಅರವತ್ತು ಎಪ್ಪತ್ತು ಕಿಲೋಮೀಟರ್ ದೂರ. ಕೆಲಸಕ್ಕೆ ದಿನಾ ಹೋಗಿಬರಬಹುದು, ಆದರೆ ದಿನಾ ಹೋಗಿಬರುತ್ತಲೇ ಥೀಸಿಸ್ ಬರೆದು ಮುಗಿಸಲು ಗಟ್ಟಿ ಜೀವ ಬೇಕು.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೆಸರಿನ ಹಿಂದೆ 'ಡಾ.' ಬರುತ್ತದೆಯೇ ಎನ್ನುವುದಕ್ಕಿಂತ, ಆ ಪದವಿ ಪತ್ರದಲ್ಲಿ ಯಾವ ವಿಷಯದ ಹೆಸರು ಅಚ್ಚಾಗಿರುತ್ತದೆ ಎನ್ನುವುದು ನಿಮ್ಮ ಮುಂದಿನ ಇಪ್ಪತ್ತು ವರ್ಷಗಳನ್ನು ನಿರ್ಧರಿಸುತ್ತದೆ. ಇದನ್ನು ಅರಿಯದೆ ಐದಾರು ವರ್ಷ ಸವೆಸಿದವರ ಶ್ರಮ ವ್ಯರ್ಥವಾಗುವುದು ನಿಜಕ್ಕೂ ಸಂಕಟದ ಸಂಗತಿ.

ತೂಗುವ ಮುನ್ನ: ಏನನ್ನು ನೋಡಬೇಕು

ಮೊದಲು, ನೀವು ಕಣ್ಣಿಟ್ಟಿರುವ ಹುದ್ದೆಯ ನಿಯಮ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಸ್ಕೇಲಿನ ಕಾಲೇಜು ಅಥವಾ ವಿಶ್ವವಿದ್ಯಾಲಯ, ಆಡಳಿತ ಮಂಡಳಿಯೇ ಸಂಬಳ ಕೊಡುವ ಖಾಸಗಿ ಕಾಲೇಜು, ಮ್ಯೂಸಿಯಂ ಅಥವಾ ಗ್ಯಾಲರಿಯ ಆರ್ಕೈವ್, ಸಾರ್ವಜನಿಕ ಗ್ರಂಥಾಲಯ ಇಲಾಖೆ: ಈ ನಾಲ್ಕು ಕಡೆ ಪಿಎಚ್.ಡಿ.ಯ ಬೆಲೆ ನಾಲ್ಕು ಥರ.

ಎರಡನೆಯದು, ಕೈಗೆ ಬರುವ ಕೆಲಸ. ಓದು ಮುಗಿದ ಮೇಲೆ ನೀವು ಒಂದು ಕಲಾ ಸಂಗ್ರಹವನ್ನು ಇಂದಿಗಿಂತ ಚೆನ್ನಾಗಿ ಗುರುತಿಸಿ, ವರ್ಗೀಕರಿಸಿ, ಓದುಗರಿಗೆ ಒದಗಿಸಬಲ್ಲಿರೇ? ಮೂರನೆಯದು, ಸಮಯ ಮತ್ತು ಉಳಿದಿರುವ ಸೇವಾವಧಿ. ನಾಲ್ಕನೆಯದು ಹಣ. ಇಲ್ಲಿ ಫೀಸಿಗಿಂತ ದೊಡ್ಡದು ಕಳೆದುಕೊಳ್ಳುವ ಸಂಬಳ. ಕೊನೆಯದಾಗಿ, ಊರು ಬಿಡಲು ಸಾಧ್ಯವೇ? ವಯಸ್ಸಾದ ತಂದೆತಾಯಿ, ಚಿಕ್ಕ ಮಕ್ಕಳು, ಹೊಲಮನೆ ಇರುವವರು ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಕೊಟ್ಟುಕೊಂಡರೆ ಅರ್ಧ ಗೊಂದಲ ತಾನಾಗಿ ಕಳೆಯುತ್ತದೆ.

ಕಲಾ ಲೈಬ್ರರಿಯ ಕೆಲಸ ಏನನ್ನು ಕೇಳುತ್ತದೆ

ಪದವಿಗಳ ಮಾತಿಗೆ ಹೋಗುವ ಮುನ್ನ ಕೆಲಸವನ್ನೇ ಒಮ್ಮೆ ಹತ್ತಿರದಿಂದ ನೋಡಬೇಕು. ದಪ್ಪ ದಪ್ಪ ಕಲಾ ಪುಸ್ತಕಗಳಿಂದ ತೊಂದರೆಯಿಲ್ಲ. ಅವಕ್ಕೆ ಐಎಸ್‌ಬಿಎನ್ ಎಂಬ ಪುಸ್ತಕ ಸಂಖ್ಯೆ ಇರುತ್ತದೆ, ಬೇರೆ ಲೈಬ್ರರಿಯ ರೆಕಾರ್ಡನ್ನು ಕೋಹಾ ಎಂಬ ಲೈಬ್ರರಿ ಸಾಫ್ಟ್‌ವೇರ್‌ಗೆ ಇಳಿಸಿಕೊಂಡರೆ ಆಯಿತು. ಭಾರತೀಯ ಚಿತ್ರಕಲೆಗೆ ಡ್ಯೂಯಿ ವರ್ಗೀಕರಣ ಪದ್ಧತಿಯಲ್ಲಿ 759.954 ಎಂದು ಹಾಕಿ ಕಪಾಟಿಗೆ ಸೇರಿಸಬಹುದು. ಕಷ್ಟ ಬರುವುದು ಎಂಟು ಪುಟದ ಪ್ರದರ್ಶನ ಕ್ಯಾಟಲಾಗ್ ಬಂದಾಗ.

ಅಂಥದೊಂದು ಕ್ಯಾಟಲಾಗ್ ಕೈಯಲ್ಲಿದೆ ಎಂದುಕೊಳ್ಳಿ. ಐಎಸ್‌ಬಿಎನ್ ಇಲ್ಲ, ಪ್ರಕಾಶಕರ ಹೆಸರಿಲ್ಲ, ಇಸವಿಯೂ ಇಲ್ಲ. 'ಉದ್ಘಾಟನೆ: ಮಾರ್ಚ್ 12, ಶನಿವಾರ' ಎಂದಷ್ಟೇ ಇದೆ. ವಿಳಾಸದಲ್ಲಿ 'ಕರ್ನಾಟಕ' ಎಂದಿದೆ, ಪಿನ್‌ಕೋಡೂ ಇದೆ. ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಮೈಸೂರು ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಹಾಗಾಗಿ ಇದು 1974ಕ್ಕಿಂತ ಹಿಂದಿನದಲ್ಲ. ಅಲ್ಲಿಂದ ಮುಂದೆ 2000ದವರೆಗೆ ಮಾರ್ಚ್ 12 ಶನಿವಾರ ಬಿದ್ದದ್ದು 1977, 1983, 1988, 1994ರಲ್ಲಿ. ಇನ್ನು ಅಚ್ಚು ನೋಡಿ: ಅಕ್ಷರಗಳು ಕಾಗದದಲ್ಲಿ ಒತ್ತಿ ಕೂತಿವೆಯೇ, ಬೆರಳಿಗೆ ತಗ್ಗು ಸಿಗುತ್ತದೆಯೇ? ಹಾಗಿದ್ದರೆ ಮೊಳೆ ಜೋಡಿಸಿದ ಲೆಟರ್‌ಪ್ರೆಸ್, ಹಳೆಯ ಇಸವಿಗಳ ಕಡೆಗೆ ವಾಲಬಹುದು. ಕಲಾವಿದರ ಪರಿಚಯದಲ್ಲಿ ಕೊನೆಯದಾಗಿ ಹೇಳಿರುವ ಪ್ರಶಸ್ತಿ ಯಾವ ವರ್ಷದ್ದು? ಅದು 1981 ಆದರೆ 1977 ಬಿದ್ದುಹೋಯಿತು. ಉಳಿದದ್ದನ್ನು ಆ ತಿಂಗಳ ದಿನಪತ್ರಿಕೆಯ ಸಂಪುಟದಲ್ಲಿ ಹುಡುಕಿದರೆ ಇಸವಿ ಖಚಿತವಾಗುತ್ತದೆ. ಆಮೇಲೆ ಅದನ್ನು ಚೌಕ ಆವರಣದಲ್ಲಿ ಹಾಕಿ, ಹೇಗೆ ಗೊತ್ತಾಯಿತು ಎಂದು ಟಿಪ್ಪಣಿಯಲ್ಲಿ ಬರೆಯಬೇಕು.

ಹೆಸರುಗಳದ್ದು ಇನ್ನೊಂದು ತಲೆನೋವು. ಕೆ.ಕೆ. ಹೆಬ್ಬಾರ್ ಅವರನ್ನು 'ಹೆಬ್ಬಾರ್' ಅಡಿಯಲ್ಲಿ ಹುಡುಕುತ್ತಾರೆ, ಅಲ್ಲಿ ಕೊನೆಯ ಭಾಗ ಮನೆತನದ ಹೆಸರು. ಕೆ. ವೆಂಕಟಪ್ಪ ಅವರಲ್ಲಿ 'ವೆಂಕಟಪ್ಪ' ಎಂಬುದು ಅವರದೇ ಹೆಸರು. ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಎರಡು ಮೂರು ಕಾಗುಣಿತ. ಅಧಿಕೃತ ನಾಮಪಟ್ಟಿ ಇಲ್ಲದಿದ್ದರೆ ಒಬ್ಬನೇ ಕಲಾವಿದ ಕ್ಯಾಟಲಾಗಿನಲ್ಲಿ ನಾಲ್ಕು ಮಂದಿಯಾಗಿ ಹಂಚಿಹೋಗುತ್ತಾನೆ.

ವಿಷಯಜ್ಞಾನವೂ ಬೇಕು. ನಂದಿಯ ಭೋಗನಂದೀಶ್ವರ ದೇವಾಲಯದ ಶಾಸನ ಬೇಕೆಂದು ವಿದ್ಯಾರ್ಥಿ ಬಂದರೆ, ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಹಳೆಯ ಸಂಪುಟಗಳಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹೆಸರಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ಜಿಲ್ಲೆಯಾದದ್ದು 2007ರಲ್ಲಿ. ಬಿ.ಎಲ್. ರೈಸ್ ಸಂಪಾದಿಸಿದ ಹತ್ತನೆಯ ಸಂಪುಟ, ಅಂದರೆ ಕೋಲಾರದ ಸಂಪುಟದಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ಭಾಗ ತೆಗೆಯಬೇಕು. ತುಮಕೂರಿನದು ಹನ್ನೆರಡನೆಯದು. ಅರಳಗುಪ್ಪೆಯ ಕಲ್ಲೇಶ್ವರ, ಆವನಿಯ ರಾಮಲಿಂಗೇಶ್ವರ, ನಂದಿಯ ಭೋಗನಂದೀಶ್ವರ ಈ ಮೂರನ್ನೂ ನೊಳಂಬ ಶೈಲಿ ಎಂಬ ಒಂದೇ ಎಳೆಯಲ್ಲಿ ಹಿಡಿದು ಓದುಗರಿಗೆ ಪುಸ್ತಕ ತೆಗೆದುಕೊಡಬಲ್ಲವರೇ ಕಲಾ ಗ್ರಂಥಪಾಲಕರು.

ಈ ಮೂರು ಕೌಶಲಗಳಲ್ಲಿ ಯಾವುದನ್ನು ಯಾವ ಓದು ಕೊಡುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಕ್ಕೆ ಹೋಗೋಣ.

ಎಂ.ಲಿಬ್ ಮತ್ತು ನೆಟ್ ಅಥವಾ ಕೆ-ಸೆಟ್: ಇಲ್ಲಿಗೇ ನಿಲ್ಲುವುದು

ಕಾಲೇಜು ಲೈಬ್ರರಿಯನ್ ಅಥವಾ ವಿಶ್ವವಿದ್ಯಾಲಯದ ಅಸಿಸ್ಟೆಂಟ್ ಲೈಬ್ರರಿಯನ್ ಆಗಲು ಯುಜಿಸಿಯ 2018ರ ನಿಯಮಾವಳಿ ಕೇಳುವುದು ಲೈಬ್ರರಿ ಸೈನ್ಸ್‌ನಲ್ಲಿ ಶೇ 55 ಅಂಕದ ಸ್ನಾತಕೋತ್ತರ ಪದವಿ ಮತ್ತು ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅಥವಾ ಸೆಟ್ (ಅದರ ರಾಜ್ಯಮಟ್ಟದ ರೂಪ, ನಮ್ಮಲ್ಲಿ ಕೆ-ಸೆಟ್). ನಿಯಮಬದ್ಧವಾಗಿ ಪಡೆದ ಪಿಎಚ್.ಡಿ. ಇದ್ದರೆ ನೆಟ್‌ನಿಂದ ವಿನಾಯಿತಿ. ಅಂದರೆ ಬಾಗಿಲು ತೆರೆಯಲು ಪಿಎಚ್.ಡಿ. ಬೇಕೇ ಬೇಕು ಎಂದೇನಿಲ್ಲ. ಹುದ್ದೆ ಅಕಾಡೆಮಿಕ್ ಲೆವೆಲ್ 10ರದು, ಆರಂಭದ ಮೂಲವೇತನ 57,700 ರೂಪಾಯಿ.

ನೆಟ್‌ನಲ್ಲಿ ಮೊದಲ ಪತ್ರಿಕೆ 50 ಪ್ರಶ್ನೆ, ಎರಡನೆಯದು 100 ಪ್ರಶ್ನೆ, ಒಟ್ಟು 300 ಅಂಕ, ಮೂರು ಗಂಟೆ, ತಪ್ಪುತ್ತರಕ್ಕೆ ಅಂಕ ಕಡಿತವಿಲ್ಲ. ಕೆಲಸದಲ್ಲಿದ್ದುಕೊಂಡೇ, ಊರು ಬಿಡದೆ ತಯಾರಿ ಮಾಡಬಹುದು. ಹಣ, ಸಮಯ, ಊರು ಈ ಮೂರು ತಕ್ಕಡಿಯಲ್ಲೂ ಇದಕ್ಕೆ ಸರಿಸಾಟಿ ಇಲ್ಲ.

ಆದರೆ ಕಲೆಯ ಬಗ್ಗೆ ಇದು ಏನನ್ನೂ ಕಲಿಸುವುದಿಲ್ಲ. ಎಂ.ಲಿಬ್ ಪಠ್ಯದಲ್ಲಿ ಪ್ರದರ್ಶನ ಕ್ಯಾಟಲಾಗು, ಸ್ಲೈಡು, ಪೋಸ್ಟರುಗಳಿಗೆ ಸಿಗುವ ಜಾಗ ಅತಿ ಸಣ್ಣದು. ಬಿ.ವಿ.ಎ. (ದೃಶ್ಯಕಲೆಯ ಪದವಿ) ಮುಗಿಸಿ ಎಂ.ಲಿಬ್‌ಗೆ ಬಂದವರಿಗೆ ಮಾತ್ರ ಈ ಕೊರತೆ ಕಾಡದು. ಚಿತ್ರ ಬರೆದ ಕೈಗೆ ಮಾಧ್ಯಮ ಗೊತ್ತಿರುತ್ತದೆ, ಎಚಿಂಗ್ ಯಾವುದು ಲಿಥೋ ಯಾವುದು ಎಂದು ನೋಡಿದ ಕೂಡಲೇ ಹೇಳುತ್ತಾರೆ. ತುಮಕೂರು ವಿಶ್ವವಿದ್ಯಾಲಯದ ಎಂ.ಲಿಬ್‌ಗೆ ಯಾವುದೇ ಪದವಿಯಿಂದ ಬರಬಹುದು. ಕಲಾ ಶಾಲೆಯ ಪದವೀಧರರು ಈ ದಾರಿಯ ಬಗ್ಗೆ ಯೋಚಿಸುವುದೇ ಕಡಿಮೆ ಎನ್ನುವುದು ನನ್ನ ಕೊರಗು.

ಲೈಬ್ರರಿ ಸೈನ್ಸ್‌ನಲ್ಲಿ ಪಿಎಚ್.ಡಿ.

ಇದರ ಬೆಲೆ ಏಣಿಯ ಮೇಲಿನ ಮೆಟ್ಟಿಲುಗಳಲ್ಲಿದೆ. ಡೆಪ್ಯುಟಿ ಲೈಬ್ರರಿಯನ್ ಹುದ್ದೆಯ ನೇರ ನೇಮಕಕ್ಕೆ ಎಂಟು ವರ್ಷದ ಅನುಭವದ ಜೊತೆ ಪಿಎಚ್.ಡಿ. ಕಡ್ಡಾಯ, ವಿಶ್ವವಿದ್ಯಾಲಯದ ಲೈಬ್ರರಿಯನ್ ಹುದ್ದೆಗೆ ಹತ್ತು ವರ್ಷದ ಅನುಭವದ ಜೊತೆ ಕಡ್ಡಾಯ. ಮೊದಲನೆಯದು ಲೆವೆಲ್ 13ಎ, ಆರಂಭ 1,31,400 ರೂಪಾಯಿ. ಎರಡನೆಯದು ಲೆವೆಲ್ 14, ಆರಂಭ 1,44,200. ಆ ಪಿಎಚ್.ಡಿ. ಯಾವ ವಿಷಯದಲ್ಲಿರಬೇಕು ಎಂಬುದನ್ನೂ ನಿಯಮ ಹೇಳುತ್ತದೆ: ಲೈಬ್ರರಿ ಸೈನ್ಸ್, ಇನ್ಫರ್ಮೇಶನ್ ಸೈನ್ಸ್, ಡಾಕ್ಯುಮೆಂಟೇಶನ್, ಆರ್ಕೈವ್ಸ್ ಮತ್ತು ಹಸ್ತಪ್ರತಿ ಪಾಲನೆ. ಕಲಾ ಇತಿಹಾಸ ಆ ಪಟ್ಟಿಯಲ್ಲಿಲ್ಲ. ನೀವು ಎಷ್ಟೇ ದೊಡ್ಡ ಕಲಾ ವಿದ್ವಾಂಸರಾಗಿದ್ದರೂ ಅರ್ಜಿ ಪರಿಶೀಲನೆಯ ಹಂತದಲ್ಲೇ ಪಕ್ಕಕ್ಕೆ ಹೋಗುತ್ತದೆ.

ಈಗಾಗಲೇ ಹುದ್ದೆಯಲ್ಲಿ ಇರುವವರು ಬಡ್ತಿಯ ಲೆಕ್ಕವನ್ನು ಎಚ್ಚರಿಕೆಯಿಂದ ಹಾಕಬೇಕು. ಲೆವೆಲ್ 10ರಿಂದ 11ಕ್ಕೆ ಏರಲು ಪಿಎಚ್.ಡಿ. ಇದ್ದವರಿಗೆ 4 ವರ್ಷದ ಸೇವೆ ಸಾಕು, ಇಲ್ಲದವರಿಗೆ 6 ವರ್ಷ. ಲೆವೆಲ್ 11ರ ಆರಂಭ 68,900. ಸೇವೆಗೆ ಸೇರಿ ಮೂರು ವರ್ಷದ ಮೇಲೆ ನೋಂದಣಿ ಮಾಡಿಸಿ, ಐದು ವರ್ಷದಲ್ಲಿ ಮುಗಿಸಿದರೆ ಎಂಟು ವರ್ಷ ಆಗಿರುತ್ತದೆ. ಅಷ್ಟರಲ್ಲಿ ನೀವು ಪಿಎಚ್.ಡಿ. ಇಲ್ಲದೆಯೇ ಲೆವೆಲ್ 11ಕ್ಕೆ ಅರ್ಹರಾಗಿ ಎರಡು ವರ್ಷ ಕಳೆದಿರುತ್ತದೆ. ಆದ್ದರಿಂದ ಮೊದಲ ಬಡ್ತಿಗಾಗಿ ಪಿಎಚ್.ಡಿ. ಮಾಡುತ್ತೇನೆ ಎನ್ನುವವರು ಸೇವೆಗೆ ಸೇರುವ ಮುನ್ನವೇ ಮುಗಿಸಿರಬೇಕು. ಸೇರಿದ ಮೇಲೆ ಮಾಡುವವರು ಡೆಪ್ಯುಟಿ ಹುದ್ದೆಯನ್ನೇ ಗುರಿಯಾಗಿಟ್ಟುಕೊಂಡಿರಬೇಕು.

ಅವಧಿಯ ವಿಷಯ. ಯುಜಿಸಿಯ 2022ರ ಪಿಎಚ್.ಡಿ. ನಿಯಮಗಳ ಪ್ರಕಾರ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಮರುನೋಂದಣಿ ಮಾಡಿಸಿ ಇನ್ನೆರಡು ವರ್ಷ ಪಡೆಯಬಹುದು. ಮಹಿಳೆಯರಿಗೆ ಮತ್ತು ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಅದರ ಮೇಲೆ ಮತ್ತೆರಡು ವರ್ಷದ ಸಡಿಲಿಕೆ ಸಿಗಬಹುದು. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಪಾರ್ಟ್‌ಟೈಮ್‌ಗೆ ಅವಕಾಶವಿದೆ, ಆದರೆ ಕೆಲಸ ಮಾಡುವ ಸಂಸ್ಥೆಯಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು. ಅದರಲ್ಲಿ ಮೂರು ಮಾತು ಇರಲೇಬೇಕು: ಪಾರ್ಟ್‌ಟೈಮ್ ಓದಲು ಅನುಮತಿ ಇದೆ, ಸಂಶೋಧನೆಗೆ ಸಮಯ ಕೊಡಲು ಕೆಲಸದಲ್ಲಿ ಅನುವಿದೆ, ಬೇಕಾದರೆ ಕೋರ್ಸ್‌ವರ್ಕ್‌ಗೆ ಬಿಡುಗಡೆ ಮಾಡುತ್ತೇವೆ. ಪ್ರಾಂಶುಪಾಲರು 'ಅಭ್ಯಂತರವಿಲ್ಲ' ಎಂದು ಒಂದು ಸಾಲು ಬರೆದುಕೊಟ್ಟದ್ದನ್ನು ಹಿಡಿದು ಹೋದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ದೂರಶಿಕ್ಷಣ ಅಥವಾ ಆನ್‌ಲೈನ್ ಪಿಎಚ್.ಡಿ.ಗೆ ಮಾನ್ಯತೆಯಿಲ್ಲ. ಎಂ.ಫಿಲ್ ಎಂಬ ನಡುದಾರಿಯೂ ಈಗ ಇಲ್ಲ.

ಎಲ್ಲಿ ಮಾಡುವುದು? ತುಮಕೂರಿನವರಿಗೆ ಊರಲ್ಲೇ ವಿಶ್ವವಿದ್ಯಾಲಯದ ಲೈಬ್ರರಿ ಸೈನ್ಸ್ ವಿಭಾಗ ಇರುವುದು ದೊಡ್ಡ ಅನುಕೂಲ. ಕೋರ್ಸ್‌ವರ್ಕ್ ಹಾಜರಿಯ ಕಷ್ಟ ಕರಗಿಬಿಡುತ್ತದೆ. ಕೋಲಾರ, ಚಿಕ್ಕಬಳ್ಳಾಪುರದವರು ಹೆಚ್ಚಾಗಿ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯ ಕಡೆ ನೋಡುತ್ತಾರೆ. ಅದು ನಗರದ ಆ ತುದಿ. ಕೋಲಾರದಿಂದ ಬಸ್ಸಿನಲ್ಲಿ ಬಂದು ಊರಿಡೀ ದಾಟಬೇಕು. ಬೆಂಗಳೂರಿನ ಐಎಸ್‌ಐ (ಭಾರತೀಯ ಸಾಂಖ್ಯಿಕ ಸಂಸ್ಥೆ) ಆವರಣದ ಡಿಆರ್‌ಟಿಸಿ, 1962ರಲ್ಲಿ ಎಸ್.ಆರ್. ರಂಗನಾಥನ್ ಕಟ್ಟಿದ ಕೇಂದ್ರ, ವರ್ಗೀಕರಣ ಮತ್ತು ಜ್ಞಾನ ಸಂಘಟನೆಯ ಸಂಶೋಧನೆಗೆ ಹೆಸರಾದದ್ದು. ಕಲಾ ಪದಕೋಶ, ಮೆಟಾಡೇಟಾ (ವಸ್ತುವಿನ ವಿವರಗಳ ದಾಖಲೆ) ಥರದ ವಿಷಯ ಹಿಡಿಯುವವರಿಗೆ ಅದಕ್ಕಿಂತ ಒಳ್ಳೆಯ ಜಾಗ ಹತ್ತಿರದಲ್ಲಿ ಇಲ್ಲ, ಆದರೆ ಪೂರ್ಣಾವಧಿ ಕೂರುವ ಮನಸ್ಸಿರಬೇಕು.

ಹಣದ ಮಾತಿಗೆ ಬಂದರೆ, ಜೆಆರ್‌ಎಫ್ (ನೆಟ್ ಮೂಲಕ ಸಿಗುವ ಸಂಶೋಧನಾ ಫೆಲೋಶಿಪ್) ಸಿಕ್ಕವರ ಕಥೆಯೇ ಬೇರೆ. ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000, ಜೊತೆಗೆ ಮನೆಬಾಡಿಗೆ ಭತ್ಯೆ. ಖಾಸಗಿ ಕಾಲೇಜಿನಲ್ಲಿ ಹದಿನೈದು ಇಪ್ಪತ್ತು ಸಾವಿರಕ್ಕೆ ದುಡಿಯುತ್ತಿರುವವರು ಜೆಆರ್‌ಎಫ್ ಬಂದರೆ ಕೆಲಸ ಬಿಟ್ಟು ಪೂರ್ಣಾವಧಿಗೆ ಹೋಗುವುದೇ ಸರಿ. ಸಂಬಳ ಮತ್ತು ಫೆಲೋಶಿಪ್ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವಂತಿಲ್ಲ. ಜೆಆರ್‌ಎಫ್ ಇಲ್ಲದವರು ಪ್ರವೇಶ ಶುಲ್ಕ, ವಾರ್ಷಿಕ ಶುಲ್ಕ, ಕೋರ್ಸ್‌ವರ್ಕ್ ಪರೀಕ್ಷೆ, ಥೀಸಿಸ್ ಸಲ್ಲಿಕೆ, ವೈವಾ ಶುಲ್ಕ ಎಲ್ಲವನ್ನೂ ಆಯಾ ವಿಶ್ವವಿದ್ಯಾಲಯದ ಅಧಿಸೂಚನೆಯಿಂದ ಒಂದು ಹಾಳೆಯಲ್ಲಿ ಬರೆದು, ಅದರ ಕೆಳಗೆ ಆರು ವರ್ಷದ ಬಸ್ ಚಾರ್ಜು ಕೂಡಿಸಿ ನೋಡಿ.

ಇನ್ನು ಮುಖ್ಯ ಕೊರತೆ. ಈ ಪಿಎಚ್.ಡಿ. ತಾನಾಗಿ ನಿಮ್ಮನ್ನು ಕಲಾ ಗ್ರಂಥಪಾಲಕರನ್ನಾಗಿ ಮಾಡುವುದಿಲ್ಲ. ಶೋಧಗಂಗಾ ಎಂಬ ಆನ್‌ಲೈನ್ ಥೀಸಿಸ್ ಭಂಡಾರದಲ್ಲಿ ಲೈಬ್ರರಿ ಸೈನ್ಸ್ ಥೀಸಿಸ್‌ಗಳ ಶೀರ್ಷಿಕೆಗಳನ್ನು ಒಮ್ಮೆ ಓದಿ. ಇಂಥ ಜಿಲ್ಲೆಯ ಇಂಥ ಕಾಲೇಜುಗಳಲ್ಲಿ ಇ-ಸಂಪನ್ಮೂಲ ಬಳಕೆ, ಬಳಕೆದಾರರ ತೃಪ್ತಿ, ಒಂದು ಅಧ್ಯಯನ: ಪ್ರಶ್ನಾವಳಿ ಹಂಚಿ, ಶೇಕಡಾವಾರು ಕೋಷ್ಟಕ ಹಾಕಿದ ಕೆಲಸ ರಾಶಿ ರಾಶಿ ಇದೆ. ಪದವಿ ಸಿಗುತ್ತದೆ, ನಿಯಮಕ್ಕೂ ಸಾಕಾಗುತ್ತದೆ. ಆದರೆ ಆ ಎಂಟು ಪುಟದ ಕ್ಯಾಟಲಾಗ್ ಮುಂದೆ ಕೂತಾಗ ಅದು ಏನೂ ಸಹಾಯ ಮಾಡುವುದಿಲ್ಲ.

ಆದ್ದರಿಂದ ವಿಷಯವನ್ನು ಕಲಾ ಸಾಮಗ್ರಿಯಿಂದಲೇ ಎತ್ತಿಕೊಳ್ಳಿ, ನೋಂದಣಿ ಮಾತ್ರ ಲೈಬ್ರರಿ ಸೈನ್ಸ್‌ನಲ್ಲಿರಲಿ. ಕರ್ನಾಟಕದ ಕಲಾವಿದರ ಹೆಸರುಗಳಿಗೆ ಕನ್ನಡ ಮತ್ತು ಇಂಗ್ಲಿಷಿನ ಅಧಿಕೃತ ನಾಮಪಟ್ಟಿ ಕಟ್ಟುವುದು. ಮೈಸೂರು ಸಾಂಪ್ರದಾಯಿಕ ಚಿತ್ರಕಲೆಯ ಕನ್ನಡ ಪದಗಳನ್ನು ಗೆಟ್ಟಿ ಸಂಸ್ಥೆಯ ಕಲಾ ಪದಕೋಶಕ್ಕೆ ಹೊಂದಿಸುವುದು. ಕನ್ನಡ ನಿಯತಕಾಲಿಕೆಗಳಲ್ಲಿನ ಕಲಾ ವಿಮರ್ಶೆಗೆ ಸೂಚಿ ಮಾಡುವುದು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿಯ ಕರಪತ್ರ, ಪರದೆ, ಫೋಟೋಗಳನ್ನು ದಾಖಲಿಸುವ ಪದ್ಧತಿ ರೂಪಿಸುವುದು. ಮೂಡಲಪಾಯದ ವೇಷಭೂಷಣಕ್ಕೋ ತೊಗಲುಗೊಂಬೆಗಳಿಗೋ ಮೆಟಾಡೇಟಾ ರಚಿಸುವುದು. ಇವೆಲ್ಲ ಲೈಬ್ರರಿ ಸೈನ್ಸ್ ಥೀಸಿಸ್ ಆಗಬಲ್ಲವು. ಸಹ ಮಾರ್ಗದರ್ಶಕರನ್ನು ಬೇರೆ ವಿಭಾಗದಿಂದ ಅಥವಾ ಬೇರೆ ಸಂಸ್ಥೆಯಿಂದ ಪಡೆಯಲು ನಿಯಮದಲ್ಲಿ ಅವಕಾಶ ಇದೆ. ಕಲಾ ಇತಿಹಾಸದ ಅಧ್ಯಾಪಕರೊಬ್ಬರನ್ನು ಒಪ್ಪಿಸಿದರೆ ಎರಡೂ ಕಡೆಯ ಲಾಭ ಒಂದೇ ಪದವಿಯಲ್ಲಿ ಸಿಗುತ್ತದೆ. ಊರು ಬಿಡಲಾಗದ, ಮೇಲಿನ ಹುದ್ದೆಯ ಆಸೆಯೂ ಇರುವ ತುಮಕೂರಿನ ಲೈಬ್ರರಿಯನ್‌ಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ.

ಕಲಾ ಇತಿಹಾಸದಲ್ಲಿ ಪಿಎಚ್.ಡಿ.

ಬಡೋದಾದ ಎಂ.ಎಸ್. ವಿಶ್ವವಿದ್ಯಾಲಯದ ಕಲಾ ಇತಿಹಾಸ ವಿಭಾಗ, ದೆಹಲಿಯ ಜೆಎನ್‌ಯುನ ಕಲೆ ಮತ್ತು ಸೌಂದರ್ಯಶಾಸ್ತ್ರ ಶಾಲೆ ಈ ಕ್ಷೇತ್ರದಲ್ಲಿ ಹೆಸರಾದವು. ಇಲ್ಲಿ ಸಿಗುವ ಕಣ್ಣು, ಆಳ, ವಿದ್ವಾಂಸರ ಒಡನಾಟ ಬೇರೆ ಯಾವ ದಾರಿಯಲ್ಲೂ ಸಿಗದು. ಆದರೆ ಇದು ನಿಮ್ಮನ್ನು ಕರೆದೊಯ್ಯುವುದು ಕಲಾ ಕಾಲೇಜಿನ ಅಧ್ಯಾಪನ, ಮ್ಯೂಸಿಯಂ ಕ್ಯೂರೇಶನ್, ಬರವಣಿಗೆಯ ಕಡೆಗೆ. ಲೈಬ್ರರಿಯ ಮೇಲಿನ ಹುದ್ದೆಗಳಿಗೆ ಇದು ಲೆಕ್ಕಕ್ಕೆ ಬರುವುದಿಲ್ಲ. ಊರು ಬಿಡಬೇಕು, ಕಲಾ ಇತಿಹಾಸದ ಹಿನ್ನೆಲೆ ಇಲ್ಲದ ಎಂ.ಲಿಬ್ ಪದವೀಧರರಿಗೆ ಪ್ರವೇಶವೂ ಸುಲಭವಲ್ಲ.

ನಾಲ್ಕು ವರ್ಷದ ಬಿ.ವಿ.ಎ.ಯಲ್ಲಿ ಶೇ 75 ಪಡೆದವರು ಸ್ನಾತಕೋತ್ತರ ಪದವಿ ಇಲ್ಲದೆಯೇ ನೇರ ಪಿಎಚ್.ಡಿ.ಗೆ ಅರ್ಜಿ ಹಾಕಬಹುದು ಎಂದು 2022ರ ನಿಯಮ ಹೇಳುತ್ತದೆ. ಇದರ ಆಸೆಗೆ ಬಿದ್ದು ಎಂ.ಲಿಬ್ ಬಿಟ್ಟವರಿಗೆ ನಾಳೆ ಲೈಬ್ರರಿಯನ್ ಹುದ್ದೆಯ ಮೊದಲ ಅರ್ಹತೆಯೇ ಇಲ್ಲದಂತಾಗುತ್ತದೆ.

ಎರಡನೆಯ ಸ್ನಾತಕೋತ್ತರ ಪದವಿ

ಅಮೆರಿಕದಲ್ಲಿ ಕಲಾ ಗ್ರಂಥಪಾಲಕರ ಸಂಘ 1972ರಿಂದ ಇದೆ. ಅಲ್ಲಿನ ವೃತ್ತಿಯಲ್ಲಿ ಲೈಬ್ರರಿ ಸೈನ್ಸ್‌ನ ಸ್ನಾತಕೋತ್ತರ ಪದವಿಯನ್ನೇ ಅಂತಿಮ ವೃತ್ತಿಪರ ಪದವಿ ಎಂದು ಕಾಲೇಜು ಗ್ರಂಥಾಲಯಗಳ ಸಂಘ 1975ರಲ್ಲಿ ಒಪ್ಪಿಕೊಂಡಿತು. ಕಲಾ ಲೈಬ್ರರಿಗಳ ಜಾಹೀರಾತುಗಳಲ್ಲಿ ಅದರ ಜೊತೆಗೆ ಕಲಾ ಇತಿಹಾಸದ ಇನ್ನೊಂದು ಸ್ನಾತಕೋತ್ತರ ಪದವಿ ಇದ್ದರೆ ಆದ್ಯತೆ ಎಂದು ಕೇಳುವುದು ಸಾಮಾನ್ಯ; ಪಿಎಚ್.ಡಿ. ಕೇಳುವುದು ವಿರಳ. ಕೆಲಸದ ದೃಷ್ಟಿಯಿಂದ ಆ ತೀರ್ಮಾನ ನಮಗೂ ಒಪ್ಪುವಂಥದ್ದು, ನಮ್ಮ ಹುದ್ದೆಯ ನಿಯಮಗಳು ಬೇರೆಯಾಗಿದ್ದರೂ.

ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜಿನಲ್ಲಿ ಕಲಾ ಇತಿಹಾಸದ ಎಂ.ವಿ.ಎ. ಇದೆ, ಎರಡು ವರ್ಷ. ಪರಿಷತ್ತಿನ ಸಂಗ್ರಹ ಕಣ್ಣೆದುರಿಗೇ ಇರುತ್ತದೆ. ಅರಮನೆ ರಸ್ತೆಯ ಎನ್‌ಜಿಎಂಎ (ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ), 2023ರಲ್ಲಿ ತೆರೆದ ಮ್ಯಾಪ್ ಮ್ಯೂಸಿಯಂ ಹತ್ತಿರ. ರೆಗ್ಯುಲರ್ ಕೋರ್ಸ್ ಆದ್ದರಿಂದ ಕೆಲಸದಿಂದ ರಜೆ ಬೇಕು. ಅದು ಸಾಧ್ಯವಾಗದವರು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ವದ ಎಂ.ಎ. ಮಾಡಬಹುದು. ಆಧುನಿಕ ಕಲೆಗೆ ಅದು ಸಾಲದು, ಆದರೆ ಕುರುಡುಮಲೆ, ಆವನಿ, ನಂದಿ, ಕೈದಾಳದ ದೇವಾಲಯಗಳ ಬಗ್ಗೆ ಕೇಳಿಕೊಂಡು ಬರುವ ನಮ್ಮ ಭಾಗದ ಓದುಗರಿಗೆ ಉತ್ತರಿಸಲು ಚೆನ್ನಾಗಿ ನೆರವಾಗುತ್ತದೆ. ಯುಜಿಸಿ 2022ರಿಂದ ಎರಡು ಪದವಿ ಒಟ್ಟಿಗೆ ಓದಲು ಬಿಟ್ಟಿದೆ. ಆ ಸವಲತ್ತು ಪಿಎಚ್.ಡಿ.ಗೆ ಅನ್ವಯಿಸುವುದಿಲ್ಲ. ಹಾಗಾಗಿ ಎರಡೂ ಬೇಕೆನ್ನುವವರು ಎಂ.ಎ.ಯನ್ನು ಮೊದಲು ಮುಗಿಸಿಕೊಳ್ಳಬೇಕು.

ಚಿಕ್ಕ ಕೋರ್ಸುಗಳು ಮತ್ತು ಕೈಕೆಲಸ

ದೆಹಲಿಯ ರಾಷ್ಟ್ರೀಯ ಪತ್ರಾಗಾರ ಒಂದು ವರ್ಷದ ಆರ್ಕೈವ್ಸ್ ಡಿಪ್ಲೊಮಾ ಜೊತೆಗೆ ಕೆಲವು ವಾರಗಳ ಸರ್ಟಿಫಿಕೇಟ್ ಕೋರ್ಸುಗಳನ್ನೂ ನಡೆಸುತ್ತದೆ. ಪುಸ್ತಕ, ಹಸ್ತಪ್ರತಿಗಳ ಸಂರಕ್ಷಣೆಯೂ ಅದರಲ್ಲಿ ಸೇರಿದೆ. ಇಗ್ನೋದಲ್ಲಿ ಲೈಬ್ರರಿ ಆಟೊಮೇಶನ್‌ನ ಪಿಜಿ ಡಿಪ್ಲೊಮಾ ಇದೆ. ಗೆಟ್ಟಿಯ ಪದಕೋಶ ಮತ್ತು ಕಲಾವಿದರ ನಾಮಕೋಶ ಎರಡೂ ಅಂತರ್ಜಾಲದಲ್ಲಿ ಉಚಿತ. ಮ್ಯಾಪ್ ಅಕಾಡೆಮಿಯ ಭಾರತೀಯ ಕಲೆಯ ಆನ್‌ಲೈನ್ ಪಾಠಗಳಿಗೂ ಹಣ ಕೊಡಬೇಕಾಗಿಲ್ಲ.

ಗ್ಯಾಲರಿ, ಖಾಸಗಿ ಆರ್ಕೈವ್, ಕಲಾವಿದರ ಕುಟುಂಬದ ಸಂಗ್ರಹ ಇಂಥ ಕಡೆ ಕೆಲಸ ಹುಡುಕುವವರಿಗೆ ಪದವಿಗಿಂತ ಮಾಡಿ ತೋರಿಸಿದ ಕೆಲಸ ಹೆಚ್ಚು ಮಾತಾಡುತ್ತದೆ. ನಿಮ್ಮ ಕಾಲೇಜಿನ ಅಥವಾ ಊರಿನ ಯಾವುದಾದರೂ ಚಿಕ್ಕ ಸಂಗ್ರಹದ ಐವತ್ತು ಪ್ರದರ್ಶನ ಕ್ಯಾಟಲಾಗುಗಳನ್ನು ತೆಗೆದುಕೊಂಡು, ಪೂರ್ಣ ರೆಕಾರ್ಡ್, ನಿಯಂತ್ರಿತ ಪದ, ಇಸವಿಯ ಟಿಪ್ಪಣಿ ಸಮೇತ ಕೋಹಾದಲ್ಲಿ ಹಾಕಿ, ಸಂಗ್ರಹಕ್ಕೆ ನಾಲ್ಕು ಪುಟದ ಪರಿಚಯ ಬರೆದಿಟ್ಟುಕೊಳ್ಳಿ. ಸಂದರ್ಶನದಲ್ಲಿ ಅದನ್ನು ತೆರೆದು ತೋರಿಸಿದವರ ಕಡೆ ಗಮನ ತಾನಾಗಿ ಹರಿಯುತ್ತದೆ. ಇಂಥ ಕೆಲಸಗಳು ಹೆಚ್ಚಾಗಿ ಒಂದೆರಡು ವರ್ಷದ ಪ್ರಾಜೆಕ್ಟುಗಳು, ಕಾಯಂ ಅಲ್ಲ. ಮನೆಯ ಜವಾಬ್ದಾರಿ ಇರುವವರು ಅದನ್ನು ಮರೆಯಬಾರದು.

ನಿಮ್ಮ ಪರಿಸ್ಥಿತಿಗೆ ಯಾವುದು

ಇಪ್ಪತ್ತೈದರ ಆಸುಪಾಸಿನಲ್ಲಿದ್ದು ಎಂ.ಲಿಬ್ ಆಗಿದ್ದರೆ ಮೊದಲು ನೆಟ್. ಮೂವತ್ತರೊಳಗೆ ಜೆಆರ್‌ಎಫ್‌ಗೆ ಪ್ರಯತ್ನಿಸಿ, ವಯೋಮಿತಿ ಮೀರಿದ ಮೇಲೆ ಆ ಅವಕಾಶ ಮರಳಿ ಬರುವುದಿಲ್ಲ. ಸಿಕ್ಕರೆ ಕಲಾ ವಿಷಯ ಹಿಡಿದು ಲೈಬ್ರರಿ ಸೈನ್ಸ್‌ನಲ್ಲಿ ಪೂರ್ಣಾವಧಿ ಪಿಎಚ್.ಡಿ. ಸಿಗದಿದ್ದರೆ ಕೆಲಸ ಹಿಡಿದು, ಜೊತೆಗೆ ಎರಡನೆಯ ಎಂ.ಎ.

ಯುಜಿಸಿ ಸ್ಕೇಲಿನಲ್ಲಿ ಈಗಾಗಲೇ ಇದ್ದು, ಹದಿನೈದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವವರಿಗೆ ಪಾರ್ಟ್‌ಟೈಮ್ ಪಿಎಚ್.ಡಿ. ಮಾಡಲು ಕಾರಣವಿದೆ. ಹತ್ತು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ನಾನು ಬೇಡ ಎನ್ನುತ್ತೇನೆ. ಮುಗಿಯುವ ಹೊತ್ತಿಗೆ ಮೇಲಿನ ಹುದ್ದೆಗೆ ಅರ್ಜಿ ಹಾಕುವ ಕಾಲವೇ ಕಳೆದಿರುತ್ತದೆ. ಆ ಶ್ರಮವನ್ನು ಕೈಯಲ್ಲಿರುವ ಸಂಗ್ರಹದ ಮೇಲೆ ಹಾಕಿದರೆ ಊರಿಗೇ ಉಪಕಾರ. ಓದಿನ ಪ್ರೀತಿಗಾಗಿಯೇ ಮಾಡುವವರನ್ನು ಯಾರೂ ತಡೆಯಬಾರದು, ಅವರಿಗೆ ಈ ಲೆಕ್ಕವೂ ಬೇಡ.

ಖಾಸಗಿ ಕಾಲೇಜಿನಲ್ಲಿ ಇರುವವರು ಪಿಎಚ್.ಡಿ.ಗೆ ಸೇರುವ ಮುನ್ನವೇ ಆಡಳಿತ ಮಂಡಳಿಯನ್ನು ನೇರವಾಗಿ ಕೇಳಿ: ಪಿಎಚ್.ಡಿ. ಆದರೆ ಸಂಬಳ ಎಷ್ಟು ಹೆಚ್ಚುತ್ತದೆ? ಬರವಣಿಗೆಯಲ್ಲಿ ಉತ್ತರ ಬಾರದಿದ್ದರೆ ಹೆಚ್ಚುವುದಿಲ್ಲ ಎಂದೇ ಎಣಿಸಿ. ಸಾರ್ವಜನಿಕ ಗ್ರಂಥಾಲಯಗಳಲ್ಲಿ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ ದುಡಿಯುವವರಿಗೆ ಹುದ್ದೆಯ ದೃಷ್ಟಿಯಿಂದ ಪಿಎಚ್.ಡಿ. ಏನನ್ನೂ ಕೊಡುವುದಿಲ್ಲ. ಅವರಿಗೆ ಚಿಕ್ಕ ಕೋರ್ಸುಗಳೇ ಸೂಕ್ತ.

ಪಿಎಚ್.ಡಿ. ಎಂದು ತೀರ್ಮಾನಿಸಿದರೆ, ಸಹಿ ಹಾಕುವ ಮುನ್ನ

ಗೈಡ್ ನಿವೃತ್ತಿ ಯಾವಾಗ ಎಂದು ಕೇಳಲು ಸಂಕೋಚಪಡಬೇಡಿ. ನಿವೃತ್ತಿಗೆ ಮೂರು ವರ್ಷದೊಳಗೆ ಇರುವವರು ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ. ನಾಲ್ಕೈದು ವರ್ಷ ಉಳಿದಿರುವವರ ಬಳಿ ಪಾರ್ಟ್‌ಟೈಮ್ ಸೇರಿದರೆ ನಡುವೆ ಗೈಡ್ ಬದಲಾಗುವ ಸಾಧ್ಯತೆ ಹೆಚ್ಚು. ಪ್ರೊಫೆಸರ್‌ಗೆ ಎಂಟು, ಅಸೋಸಿಯೇಟ್‌ಗೆ ಆರು, ಅಸಿಸ್ಟೆಂಟ್‌ಗೆ ನಾಲ್ಕು ವಿದ್ಯಾರ್ಥಿಗಳ ಮಿತಿ ಇದೆ, ಆದ್ದರಿಂದ ಸೀಟು ಖಾಲಿ ಇದೆಯೇ ಎಂಬುದನ್ನೂ ಮೊದಲೇ ವಿಚಾರಿಸಿ.

ಸಾಮಗ್ರಿ ಖಾಸಗಿ ಸಂಗ್ರಹದಲ್ಲಿದ್ದರೆ ಸಿನಾಪ್ಸಿಸ್ (ಸಂಶೋಧನೆಯ ರೂಪರೇಖೆ) ಕೊಡುವ ಮುನ್ನ ಲಿಖಿತ ಒಪ್ಪಿಗೆ ಪಡೆಯಿರಿ. ಮನೆಯ ಹಿರಿಯರು ಬಾಯಿಮಾತಿನಲ್ಲಿ 'ಬಂದು ನೋಡಿಕೊಳ್ಳಪ್ಪ' ಎಂದಿರುತ್ತಾರೆ. ಎರಡು ವರ್ಷದ ಮೇಲೆ ಮಕ್ಕಳ ನಡುವೆ ಪಾಲಾದರೆ ಬೀಗ ಬೀಳುತ್ತದೆ, ಥೀಸಿಸ್ ನಿಲ್ಲುತ್ತದೆ. ಚಿತ್ರಗಳನ್ನು ಅಚ್ಚಿಸುವ ಹಕ್ಕೂ ಅಷ್ಟೇ ಮುಖ್ಯ. ಥೀಸಿಸ್ ಶೋಧಗಂಗಾದಲ್ಲಿ ಎಲ್ಲರಿಗೂ ತೆರೆದಿರುತ್ತದೆ, ಕಲಾಕೃತಿಯ ಹಕ್ಕು ಕಲಾವಿದರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. 1996ರಲ್ಲಿ ತೀರಿಕೊಂಡ ಹೆಬ್ಬಾರ್ ಅವರ ಕೃತಿಗಳಿಗೆ ಅದು 2056ರ ಕೊನೆಯವರೆಗೆ.

ಹಣ ಕೊಟ್ಟರೆ ಆರು ತಿಂಗಳಲ್ಲಿ ಪದವಿ ಎನ್ನುವವರು, ವಿದೇಶಿ ವಿಶ್ವವಿದ್ಯಾಲಯದ ಹೆಸರಿನಲ್ಲಿ ಆನ್‌ಲೈನ್ ಪಿಎಚ್.ಡಿ. ಕೊಡಿಸುತ್ತೇವೆ ಎನ್ನುವವರು ಫೋನು ಮಾಡಿದರೆ ಮಾತು ಬೆಳೆಸದೆ ಇಟ್ಟುಬಿಡಿ. ಇಂಥ ಆನ್‌ಲೈನ್ ಪಿಎಚ್.ಡಿ.ಗಳಿಗೆ ಮಾನ್ಯತೆ ಇಲ್ಲವೆಂದು ಯುಜಿಸಿ ಮತ್ತು ಎಐಸಿಟಿಇ 2022ರಲ್ಲೇ ಎಚ್ಚರಿಸಿವೆ. ಮತ್ತು ನೋಂದಣಿ ಪತ್ರ ಕೈಗೆ ಬಂದ ದಿನವೇ 'ವಿಷಯ' ಎಂಬ ಕಾಲಂ ಓದಿ. ಅಲ್ಲಿ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ ಎಂದಿರಬೇಕು. 'ಅಂತರ್‌ಶಿಸ್ತೀಯ' ಎಂದೋ ಕಲಾ ನಿಕಾಯದ ಹೆಸರೋ ಬಿದ್ದಿದ್ದರೆ ಅಂದೇ ರಿಜಿಸ್ಟ್ರಾರ್ ಕಚೇರಿಗೆ ಅರ್ಜಿ ಕೊಟ್ಟು ತಿದ್ದಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿ.